ಹಸಿರು ಟೇಪಿನ ಕಿವಿ

ಕಂತು ೯

ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕಾಲನ್ನು ಬಾಗಿಲಿನ ಹೊರಗೆ ಬಿಟ್ಟು, ವಾಸು ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿ ಮಲಗಿದ್ದ. ಐವತ್ತೊಂಬತ್ತು ವರ್ಷದ ಸೊಂಟ ಬೇಡ ಬೇಡ ಎನ್ನುತ್ತಿತ್ತು. ಬಾಯಲ್ಲಿ ಕಚ್ಚಿಕೊಂಡ ಸಣ್ಣ ಟಾರ್ಚು ಧೂಳನ್ನು, ವೈರನ್ನು, ಮತ್ತೆ ಧೂಳನ್ನು ತೋರಿಸುತ್ತಿತ್ತು.

"ಇನ್ನು ನಲವತ್ತು ನಿಮಿಷ ಇದೆ, ವಾಸಣ್ಣ," ಎಂದ ಸಬ್ ಇನ್‌ಸ್ಪೆಕ್ಟರ್ ಸತೀಶ್, ಹೊರಗೆ ನಿಂತು.

ನ್ಯಾಯಾಲಯ ಕೊಟ್ಟಿದ್ದು ಒಂದೇ ಗಂಟೆ, ಅದೂ ಒಂದೇ ಸಲ. ಠಾಣೆಯ ಹಿಂದಿನ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ, ಜಪ್ತಿಯಾದ ಬೈಕುಗಳ ಸಾಲಿನ ತುದಿಯಲ್ಲಿ ಆ ಬೂದು ಬಣ್ಣದ ಹಳೆಯ ಪೆಟ್ರೋಲ್ ಕಾರು ನಿಂತಿತ್ತು. ಹದಿನೇಳು ದಿನದ ಹಿಂದೆ, ಸೋಮವಾರ ಬೆಳಗಿನ ಜಾವ, ಅಟ್ಟೂರಿನ ವೆಂಕಟರಾಮಯ್ಯನವರು ಇದರಲ್ಲೇ ಕುಳಿತು, ಹೀಟರಿನ ಬಿಸಿಗಾಳಿಯ ಜೊತೆ ಬಂದ ಎಂಜಿನ್ ಹೊಗೆ ಕುಡಿದು ತೀರಿಕೊಂಡಿದ್ದರು. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಹೀಟರಿನ ಫ್ಯಾನ್ ಮೋಟಾರ್ ಬದಲಿಸಿದ್ದ ಮೆಕ್ಯಾನಿಕ್ ವಾಜಿದ್ ಈಗ ಕೊಲೆ ಆರೋಪ ಹೊತ್ತು ಜೈಲಿನಲ್ಲಿದ್ದ.

ನಾಳೆ ಬೆಳಿಗ್ಗೆ ಜಾಮೀನು ಅರ್ಜಿಯ ವಿಚಾರಣೆ.

ಮೂವತ್ತು ವರ್ಷ ವಿಮೆ ಕಂಪನಿಗಳಿಗಾಗಿ ಅಪಘಾತದ ವಾಹನಗಳನ್ನು ತಪಾಸಣೆ ಮಾಡಿದ ವಾಸುವಿಗೆ ಒಂದು ವಿಷಯ ಗೊತ್ತಿತ್ತು. ಮನುಷ್ಯರು ಹೇಳಿದ್ದನ್ನು ಕೇಳಬೇಕು, ಕಾರು ಹೇಳಿದ್ದನ್ನು ಬರೆದುಕೊಳ್ಳಬೇಕು. ಆದರೆ ಈ ಸಲ ವಾಜಿದ್‌ನ ಪರವಾಗಿ ಬಂದಿದ್ದ ಅವನು, ಎರಡೂ ಒಂದೇ ಆಗಿರಲಿ ಎಂದು ಬೆಳಿಗ್ಗೆಯಿಂದ ಬಯಸುತ್ತಿದ್ದ. ಹಾಗೆ ಬಯಸುವುದು ಈ ಕೆಲಸಕ್ಕೆ ಒಳ್ಳೆಯದಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ವಾಜಿದ್ ಜೈಲಿನಲ್ಲಿ ಹೇಳಿದ್ದು ಹೀಗಿತ್ತು. ಯಜಮಾನರ ಕಾರಿನ ಹೀಟರ್ ಎರಡು ತಿಂಗಳಿಂದ ಸತ್ತಿತ್ತು. ಗುಂಡಿ ತಿರುಗಿಸಿದರೆ ಸದ್ದಿಲ್ಲ. ಫ್ಯೂಸ್ ಸರಿ ಇತ್ತು. ಮೋಟಾರಿಗೆ ವೈರು ಸೇರುವ ಪ್ಲಾಸ್ಟಿಕ್ ಕಪ್ಲರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೆ ದೀಪ ಉರಿಯಿತು. ಅಂದರೆ ಕರೆಂಟು ಅಲ್ಲಿಯವರೆಗೂ ಬರುತ್ತಿತ್ತು. ಮೋಟಾರಿನ ಮೈಗೆ ಮುಷ್ಟಿಯಿಂದ ಎರಡು ಪೆಟ್ಟು ಕೊಟ್ಟಾಗ ಫ್ಯಾನು ಒಂದು ಸುತ್ತು ತಿರುಗಿ ಮತ್ತೆ ನಿಂತಿತು. ಒಳಗೆ ಕರೆಂಟು ದಾಟಿಸುವ ಇಂಗಾಲದ ಬ್ರಷ್ ಸವೆದಿದೆ ಎಂದು ಅಷ್ಟಕ್ಕೇ ಗೊತ್ತಾಯಿತು. ಮೋಟಾರ್ ಬದಲಿಸಿದ.

ಅದು ನಿಜ. ಕಳಚಿದ ಮೋಟಾರನ್ನು ವಾಸು ಹೋದ ವಾರ ಅಂಗಡಿಯಲ್ಲಿ ಬಿಚ್ಚಿ ನೋಡಿದ್ದ. ಬ್ರಷ್ಷು ಕತ್ತರಿಸಿದ ಉಗುರಿನಷ್ಟೇ ಉಳಿದಿತ್ತು.

ಹೊಸ ಮೋಟಾರ್ ಹಾಕಿ, ಎಂಜಿನ್ ಚಾಲೂ ಮಾಡಿ ಪರೀಕ್ಷೆ ಮಾಡುವಾಗ ವಾಜಿದ್‌ಗೆ ಒಳಗೆ ಹೊಗೆಯ ವಾಸನೆ ಬಂದಿತ್ತು. ಬಾನೆಟ್ ಎತ್ತಿದರೆ, ಎಂಜಿನ್ನಿಗೆ ಸೈಲೆನ್ಸರ್ ಕೊಳವೆ ಸೇರುವ ಜಾಗದಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು. ಅಲ್ಲಿಂದ ಸೋರುವ ಹೊಗೆಯನ್ನು ಫ್ಯಾನು ನೇರ ಒಳಗೆ ಎಳೆದು ತರುತ್ತಿತ್ತು. ಆ ಗ್ಯಾಸ್ಕೆಟ್ ಸೋಮವಾರವೇ ಸಿಗುವುದು. ಅಲ್ಲಿಯವರೆಗೆ ಹೀಟರ್ ಓಡಬಾರದೆಂದು ತಾನು ಮೋಟಾರಿನ ಕಪ್ಲರ್ ಬಿಡಿಸಿ, ಎರಡು ತುದಿಗೂ ಟೇಪು ಸುತ್ತಿ, ಕಾರು ತೆಗೆದುಕೊಂಡು ಹೋಗಲು ಬಂದ ಉಮೇಶನಿಗೆ ಹೇಳಿಯೂ ಇದ್ದೆ ಎಂದು ವಾಜಿದ್ ಹೇಳಿದ್ದ. ಉಮೇಶ್, ವೆಂಕಟರಾಮಯ್ಯನವರ ಅಕ್ಕನ ಮಗ. ನನಗೆ ಏನೂ ಹೇಳಿಲ್ಲ ಎಂಬುದು ಉಮೇಶನ ಮಾತು.

ವಾಜಿದ್ ಈ ಸತ್ಯವನ್ನು ಹೇಳದೇ ಇದ್ದಿದ್ದರೆ ಅದು ಬರೀ ನಿರ್ಲಕ್ಷ್ಯದ ಕೇಸಾಗುತ್ತಿತ್ತು. ಹೊಗೆ ಸೋರುವುದು ನನಗೆ ಗೊತ್ತಿತ್ತು ಎಂದು ಮೊದಲ ದಿನವೇ ಹೇಳಿಕೆ ಕೊಟ್ಟುಬಿಟ್ಟ. ಗೊತ್ತಿದ್ದವನ ಕೈಯಿಂದ ಹೊರಬಂದ ಕಾರಿನಲ್ಲಿ ಹೀಟರ್ ಓಡುತ್ತಿದ್ದರೆ, ಅದನ್ನು ಪೊಲೀಸರು ಬೇರೆ ಹೆಸರಿನಿಂದ ಕರೆಯುತ್ತಾರೆ. ಸಾಲದ್ದಕ್ಕೆ, ವಾಜಿದ್‌ನ ಅಂಗಡಿ ಇದ್ದದ್ದು ವೆಂಕಟರಾಮಯ್ಯನವರ ಜಾಗದಲ್ಲಿ. ತಿಂಗಳ ಕೊನೆಗೆ ಖಾಲಿ ಮಾಡು ಎಂದಿದ್ದರು. ಆ ವಾರವೇ ಟೀ ಅಂಗಡಿ ಮುಂದೆ ನಾಲ್ಕು ಜನರೆದುರು ಇಬ್ಬರಿಗೂ ಜೋರು ಮಾತಾಗಿತ್ತು.

ವಾಸು ಎದ್ದು ಕುಳಿತು, ಠಾಣೆಯವರು ತಂದುಕೊಟ್ಟ ಬ್ಯಾಟರಿಯನ್ನು ಜೋಡಿಸಿದ. ಎಂಜಿನ್ ಮುಟ್ಟಲಿಲ್ಲ, ಕೀ ಮಾತ್ರ ತಿರುಗಿಸಿ, ಹೀಟರಿನ ಗುಂಡಿಯನ್ನು ಒಂದಕ್ಕೆ ತಂದ.

ಫ್ಯಾನು ಮೆಲ್ಲಗೆ ಉಸಿರಾಡಿತು. ಎರಡು, ಮೂರು, ನಾಲ್ಕು. ನಾಲ್ಕರಲ್ಲಿ ಸತೀಶನ ಕೈಯಲ್ಲಿದ್ದ ಹಾಳೆಗಳು ಪಟಪಟ ಅಂದವು.

"ಓಡ್ತಿದೆ," ಎಂದ ಸತೀಶ್.

ಓಡುತ್ತದೆ ಎಂದು ಮೊದಲು ಪರೀಕ್ಷೆಗೆ ಬಂದವರೂ ಬರೆದು ಹೋಗಿದ್ದರು. ಯಾವುದರಿಂದ ಓಡುತ್ತಿದೆ ಎಂದು ಯಾರೂ ಬಗ್ಗಿ ನೋಡಿರಲಿಲ್ಲ. ವಾಸು ಕೀ ತೆಗೆದು, ಮುಂದಿನ ಗ್ಲೋವ್ ಬಾಕ್ಸಿನ ಸ್ಕ್ರೂಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮತ್ತೆ ಅಂಗಾತ ಮಲಗಿದ.

ಮೋಟಾರಿನ ಬುಡದಲ್ಲಿ ಕಪ್ಲರ್ ಕಾಣಿಸಿತು. ಸೇರಿಸಿತ್ತು. ಅದರ ಬೀಗದ ಕೊಂಡಿ ಮುರಿದಿತ್ತು. ಹಳೆಯ ಕಾರಿನಲ್ಲಿ ಆ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ. ಬಿದ್ದುಹೋಗದಿರಲಿ ಎಂದು ಯಾರೋ ಅದರ ಮೇಲೆ ಟೇಪು ಸುತ್ತಿದ್ದರು. ಹಸಿರು ಇನ್ಸುಲೇಶನ್ ಟೇಪು.

ಟಾರ್ಚನ್ನು ಇನ್ನೂ ಹತ್ತಿರ ತಂದ.

ಟೇಪಿನ ಕೊನೆಯ ಅರ್ಧ ಇಂಚು ಒಳಮುಖವಾಗಿ, ಅಂಟಿಗೆ ಅಂಟು ಸೇರುವಂತೆ ಮಡಚಿತ್ತು. ಮುಂದೆ ಬಿಚ್ಚುವವನು ಉಗುರಿನಿಂದ ಕೆರೆಯುತ್ತ ಕೂರಬಾರದು. ಆ ತುದಿ ಹಿಡಿದು ಎಳೆದರೆ ಸುರುಳಿ ಪೂರ್ತಿ ಬಂದುಬಿಡಬೇಕು. ವಾಜಿದ್ ಅದಕ್ಕೆ ಕಿವಿ ಎನ್ನುತ್ತಿದ್ದ. ಮುಂದೆ ಬರೋನಿಗೆ ಹಿಡ್ಕೊಳ್ಳೋಕೆ ಒಂದು ಕಿವಿ ಬಿಡ್ಬೇಕು ಎಂಬುದು ಅವನ ಅಂಗಡಿಯ ಮೊದಲ ಪಾಠ. ಸಾವಿರಾರು ಕಾರುಗಳ ಅಡಿಯಲ್ಲಿ ಮಲಗಿದ್ದ ವಾಸು ಹೀಗೆ ಟೇಪು ಮಡಚುವ ಇನ್ನೊಬ್ಬ ಮೆಕ್ಯಾನಿಕ್ಕನ್ನು ನೋಡಿರಲಿಲ್ಲ.

ಅವನು ನೋಡಿದ್ದನ್ನು ಮುಚ್ಚಿಡುವಂತಿರಲಿಲ್ಲ. ಸತೀಶನನ್ನು ಕರೆದು ತೋರಿಸಿದ. ಸತೀಶ್ ಟೋಪಿ ತೆಗೆದು, ಬಗ್ಗಿ, ಬಹಳ ಹೊತ್ತು ನೋಡಿದ.

"ನಮ್ ಜೀಪಿನ ವೈರಿಂಗ್ ಮಾಡಿದ್ದೂ ಅವನೇ ಅಲ್ವಾ, ವಾಸಣ್ಣ. ಅದ್ರಲ್ಲೂ ಎಲ್ಲಾ ಕಡೆ ಹಿಂಗೇ ಕಿವಿ." ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ನೀವು ಹುಡುಕೋಕೆ ಬಂದಿದ್ದೇನು, ಸಿಕ್ಕಿದ್ದೇನು ನೋಡಿ."

ಫೋಟೋ ತೆಗೆದದ್ದಾಯಿತು. ಪಂಚನಾಮೆಯಲ್ಲಿ ಬರೆದದ್ದಾಯಿತು. ತಾನೇ ಕೇಳಿ ಪಡೆದ ತಪಾಸಣೆಯಲ್ಲಿ, ತನ್ನ ಕೈಯಿಂದಲೇ, ವಾಸು ವಾಜಿದ್‌ನ ವಿರುದ್ಧದ ಅತಿ ಗಟ್ಟಿ ಸಾಕ್ಷಿಯನ್ನು ಎತ್ತಿ ಕೊಟ್ಟಿದ್ದ.

ಉಳಿದ ಹದಿನೈದು ನಿಮಿಷವನ್ನು ಅವನು ಹಟಕ್ಕೆ ಬಿದ್ದವನಂತೆ ಕಾರಿನ ನೆಲ ತಡಕುವುದರಲ್ಲಿ ಕಳೆದ. ರಬ್ಬರ್ ಮ್ಯಾಟು ಎತ್ತಿದ, ಅದರ ಕೆಳಗಿನ ಕಾರ್ಪೆಟ್ಟಿನ ಅಂಚು ಎತ್ತಿದ. ಅಲ್ಲಿ ಒಂದು ತುಂಡು ಕಪ್ಪು ಟೇಪು ಅಂಟಿಕೊಂಡಿತ್ತು. ಎರಡು ಇಂಚು ಉದ್ದ, ಸುರುಳಿ ಸುತ್ತಿಕೊಂಡಿತ್ತು. ಒಂದು ತುದಿಯಲ್ಲಿ ಕಿವಿ.

ಅಂದರೆ ವಾಜಿದ್ ಸುಳ್ಳು ಹೇಳಿರಲಿಲ್ಲ. ಕಪ್ಲರ್ ಒಂದು ಸಲ ಬಿಡಿಸಿತ್ತು, ಕಪ್ಪು ಟೇಪು ಸುತ್ತಿತ್ತು. ಆಮೇಲೆ ಯಾರೋ ಅದನ್ನು ಕಿತ್ತು, ಕಪ್ಲರ್ ಸೇರಿಸಿ, ಹಸಿರು ಟೇಪು ಹಾಕಿದ್ದರು.

ಸತೀಶ್ ಅದನ್ನು ಒಪ್ಪಿದ. ಅದನ್ನೂ ಪಂಚನಾಮೆಗೆ ಸೇರಿಸಿದ. ಆದರೆ ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಬಿಡಿಸಿದವನು ಮನಸ್ಸು ಬದಲಿಸಿ, ಕಾರು ಕೊಡುವ ಮುಂಚೆ, ಶನಿವಾರ ಸಂಜೆಯೇ ಮತ್ತೆ ಸೇರಿಸಿರಬಾರದೇಕೆ? ಎರಡು ಟೇಪಿಗೂ ಅದೇ ಕಿವಿ ಇದೆಯಲ್ಲ. ಶನಿವಾರ ರಾತ್ರಿಯ ಬಸ್ಸಿಗೆ ವಾಜಿದ್ ಚಿಂತಾಮಣಿಗೆ, ತಾಯಿಯ ಕಣ್ಣಿನ ಆಪರೇಷನ್ನಿಗೆ ಹೋಗಿ, ಸೋಮವಾರ ಮಧ್ಯಾಹ್ನ ಬಂದಿದ್ದ. ಅದನ್ನು ಪೊಲೀಸರೂ ಒಪ್ಪುತ್ತಿದ್ದರು. ಹಸಿರು ಟೇಪು ಭಾನುವಾರದ್ದಾದರೆ ವಾಜಿದ್‌ನ ಕೈ ಅಲ್ಲ. ಶನಿವಾರದ್ದಾದರೆ ಅವನದೇ.

"ಭಾನುವಾರದ್ದು ಅಂತ ತೋರ್ಸಿ, ನಾನೇ ಜಡ್ಜ್ ಮುಂದೆ ಹೇಳ್ತೀನಿ," ಎಂದ ಸತೀಶ್. "ಆದ್ರೆ ಟೇಪಿನ ಮೇಲೆ ತಾರೀಕು ಬರ್ದಿರಲ್ವಲ್ಲ."

ಪಂಚನಾಮೆಗೆ ಮನೆಯವರ ಕಡೆಯಿಂದ ಸಹಿ ಹಾಕಲು ಉಮೇಶ್ ಬಂದಿದ್ದ. ಮೂವತ್ತೈದರ ಗಟ್ಟಿ ಆಳು. ಕೈಯಲ್ಲಿ ಎರಡು ಫೋನು. ಆ ಅಂಗಡಿಗಳ ಸಾಲನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವ ಆಸೆ ಸೋದರಮಾವನಿಗಿಂತ ಅವನದೇ ಎಂದು ಅಟ್ಟೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾರು ಬಿಡಿಸಿಕೊಂಡು ಬರುವಾಗ ದಾರಿಯಲ್ಲಿ ಹೀಟರ್ ಹಾಕಿ ನೋಡಲಿಲ್ಲವೇ ಎಂದು ವಾಸು ಅವನನ್ನು ಕೇಳಿದ.

"ಹೀಟರ್ ಆಕೋದು ನಮ್ ಮಾವ ಒಬ್ರೇ ಸಾರ್. ಬೆಂಗ್ಳೂರಲ್ಲಿ ಇನ್ಯಾರು ಆಕ್ತಾರೆ? ಕೀ ಕೊಟ್ಟ, ತಕಂಡ್ ಬಂದೆ. ನಂಗ್ಯಾರೂ ಏನೂ ಏಳಿಲ್ಲ."

ವೆಂಕಟರಾಮಯ್ಯನವರಿಗೆ ಉಬ್ಬಸವಿತ್ತು. ಡಿಸೆಂಬರ್ ಚಳಿಗೆ ಐದೂವರೆಗೆಲ್ಲ ಕೆರೆಯ ಹತ್ತಿರ ಕಾರು ನಿಲ್ಲಿಸಿ, ಗಾಜು ಏರಿಸಿ, ಹೀಟರ್ ಹಾಕಿ, ವಾಕಿಂಗ್ ಗೆಳೆಯರು ಬರುವವರೆಗೆ ಒಳಗೇ ಕೂರುವುದು ಅವರ ಹಳೆಯ ರೂಢಿ. ಹೊಗೆ ವಾಸನೆ ಬಂದಾಗ ಗಾಜು ಇಳಿಸಬಹುದಿತ್ತಲ್ಲ ಎಂದು ವಾಸು ಕೇಳಿದ್ದಕ್ಕೆ ಉಮೇಶ್ ಪೆನ್ನಿನ ಮುಚ್ಚಳ ಹಾಕುತ್ತ ಉತ್ತರಿಸಿದ.

"ಕೊರೋನಾ ಬಂದೋದಾಗಿಂದ ಅವ್ರಿಗೆ ವಾಸ್ನೆ ಗೊತ್ತಾಗ್ತಿರ್ಲಿಲ್ಲ. ಮನೇಲಿ ಅನ್ನ ಸೀದೋದ್ರೂ ಗೊತ್ತಾಗ್ತಿರ್ಲಿಲ್ಲ."

"ಇದು ಯಾರ್ ಯಾರಿಗೆ ಗೊತ್ತಿತ್ತು?"

"ಎಲ್ರಿಗೂ ಗೊತ್ತಿತ್ತು. ಅಂಗಡಿಯೋರಿಗೂ."

ಉಮೇಶನ ಕಣ್ಣಲ್ಲಿ ದುಃಖವೇನೂ ಕಾಣಲಿಲ್ಲ. ಆದರೆ ಹೆಂಡತಿ ಸತ್ತ ದಿನ ವಾಸು ತಾನೂ ಕಣ್ಣೀರು ಹಾಕಿರಲಿಲ್ಲ; ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಫೋನ್ ಮಾಡುತ್ತ ಕೂತಿದ್ದ. ಮುಖ ನೋಡಿ ಮನುಷ್ಯನನ್ನು ಅಳೆಯುವುದನ್ನು ಅವನು ಅವತ್ತೇ ಬಿಟ್ಟಿದ್ದ.

ಠಾಣೆಯ ಹೊರಗೆ ಬಂದು ವಾಜಿದ್ ಪರ ವಕೀಲೆ ನಂದಿತಾಗೆ ಫೋನ್ ಮಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ನಾಳೆ ಸರ್ಕಾರಿ ವಕೀಲರು ಮೊದಲು ಓದುವುದೇ ಈ ಪಂಚನಾಮೆ ಎಂದಳು. ಜಾಮೀನು ಸಿಗುವುದಿಲ್ಲ, ವಾಜಿದ್‌ನ ಹೆಂಡತಿ ನಸೀಮಾಗೆ ಈಗಲೇ ಹೇಳಿಬಿಡುವುದು ಒಳ್ಳೆಯದು ಎಂದಳು. ಭಾನುವಾರ ಉಮೇಶನ ಫೋನಿನಿಂದ ಅಂಗಡಿಯ ಯಾರಿಗಾದರೂ ಕರೆ ಹೋಗಿತ್ತೇ ಎಂದು ವಾಸು ಕೇಳಿದ. ಅವಳ ಮುಂದೆ ಪೊಲೀಸರು ತರಿಸಿದ್ದ ಕರೆಗಳ ಪಟ್ಟಿ ಇತ್ತು. ಉಮೇಶನಿಂದ ಒಂದೂ ಇರಲಿಲ್ಲ. ವಾಜಿದ್‌ನ ಫೋನಿನಿಂದ ಚಿಂತಾಮಣಿಯಿಂದಲೇ ಮೂರು ಕರೆ: ಎರಡು ಹೆಂಡತಿಗೆ, ಒಂದು ಬೆಳಿಗ್ಗೆ ಹತ್ತು ನಲವತ್ತಕ್ಕೆ ಭಾವಮೈದ ಮೊಯಿನುದ್ದೀನ್‌ಗೆ. ಅಂಗಡಿಯ ಶಟರ್ ಸರಿಯಾಗಿ ಹಾಕಿದೆಯಾ ಎಂದು ಕೇಳಲು ಮಾಡಿದ್ದೆ ಎಂದು ವಾಜಿದ್ ಮೊದಲೇ ಹೇಳಿದ್ದ. ಎರಡು ನಿಮಿಷದ ಮಾತು.

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸ್ಕೂಟರ್ ತೆವಳುತ್ತಿದ್ದಾಗ ವಾಸು ಹೇಳಬೇಕಾದ ಮಾತನ್ನು ಮೂರು ನಾಲ್ಕು ರೀತಿಯಲ್ಲಿ ಜೋಡಿಸಿ ನೋಡಿದ. ಯಾವ ರೀತಿಯೂ ಸರಿ ಬರಲಿಲ್ಲ.

ಆರ್.ಟಿ. ನಗರದ ಆ ಗಲ್ಲಿಯಲ್ಲಿ, ಎರಡನೇ ಮಹಡಿಯ ಮನೆಯ ಬಾಗಿಲು ತೆಗೆದೇ ಇತ್ತು. ನಸೀಮಾ ಅವನ ಸ್ಕೂಟರಿನ ಸದ್ದನ್ನು ಗುರುತು ಹಿಡಿಯುವಷ್ಟು ಸಲ ಅವನು ಬಂದಿದ್ದ. ಹದಿನೇಳು ದಿನದಲ್ಲಿ ಅವಳ ಮುಖದ ಮೂಳೆಗಳು ಕಾಣಿಸತೊಡಗಿದ್ದವು. ಮಗಳು ರುಮಾನಾ ಶಾಲೆಗೆ ಹೋಗಿದ್ದಾಳೆ ಎಂದಳು. ತಮ್ಮ ಮೊಯಿನ್ ಊಟಕ್ಕೆ ಬರುವ ಹೊತ್ತಾಯಿತು ಎಂದಳು. ಅಂಗಡಿಯನ್ನು ಈಗ ಅವನೊಬ್ಬನೇ ನಡೆಸುತ್ತಿದ್ದಾನೆ, ಬೆಳಿಗ್ಗೆ ಏಳಕ್ಕೇ ಹೋಗುತ್ತಾನೆ, ಯಾರ ಜೊತೆಗೂ ಮಾತಿಲ್ಲ, ಊಟ ಅರ್ಧಕ್ಕೇ ಬಿಟ್ಟು ಏಳುತ್ತಾನೆ ಎಂದಳು. ವಾಸು ಏನು ಸುದ್ದಿ ತಂದಿದ್ದಾನೆ ಎಂದು ಕೇಳುವುದನ್ನು ಮುಂದೂಡಲಿಕ್ಕೇ ಇಷ್ಟೆಲ್ಲ ಹೇಳುತ್ತಿದ್ದಳು.

ಟೀ ತಂದಿಟ್ಟು ಎದುರು ಕುಳಿತಳು.

ವಾಸು ಬಳಸು ಮಾತಿಲ್ಲದೆ ಹೇಳಿದ. ಕಪ್ಲರ್ ಸೇರಿಸಿತ್ತು. ಮೇಲೆ ಟೇಪಿತ್ತು. ಟೇಪಿಗೆ ಕಿವಿ ಇತ್ತು. ಸಬ್ ಇನ್‌ಸ್ಪೆಕ್ಟರ್ ಗುರುತು ಹಿಡಿದರು. ನಾಳೆ ಜಾಮೀನು ಆಗಲಿಕ್ಕಿಲ್ಲ.

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಆ ಟೇಪನ್ನು ತಾನೂ ನೋಡಬಹುದೇ ಎಂದು ಕೇಳಿದಳು. ವಾಸು ಫೋನು ಚಾಚಿದ.

ಫೋಟೋ ನೋಡಿದ ತಕ್ಷಣ ನಸೀಮಾಳ ಮುಖದಲ್ಲಿ ಹದಿನೇಳು ದಿನದಲ್ಲಿ ಮೊದಲ ಸಲ ಬೆಳಕು ಬಂತು.

"ಇದು ನಮ್ಮನೆಯವ್ರದ್ದಲ್ಲ, ಅಣ್ಣಾ. ಹಸ್ರು ಟೇಪ್ ಅವ್ರು ಮುಟ್ಟೋದೇ ಇಲ್ಲ. ಹಸ್ರು ಅಂದ್ರೆ ಅರ್ತಿಂಗ್ ವೈರು ಅಂತ ಮುಂದಿನೋನು ತಪ್ಪು ತಿಳ್ಕೊಂಡು ಕೈ ಹಾಕ್ತಾನೆ, ಶಾಕ್ ಹೊಡೀತದೆ ಅಂತಾರೆ. ಅಂಗಡೀಲಿ ಹತ್ತು ವರ್ಷದಿಂದ ಕಪ್ಪು ಬಿಟ್ರೆ ಬೇರೆ ಬಂದಿಲ್ಲ. ನೀವೇ ಹೋಗಿ ನೋಡಿ, ಒಂದು ಸುರುಳಿ ಹಸ್ರು ಸಿಕ್ಕಿದ್ರೆ ನನ್ನನ್ನ ಕೇಳಿ. ಹಸ್ರು ಟೇಪು ನಮ್ಮಲ್ಲಿ..."

ಮಾತು ಅಲ್ಲೇ ನಿಂತಿತು.

ಅವಳ ಕಣ್ಣು ಫೋನಿನಿಂದ ಮೇಲೆದ್ದು, ವಾಸುವಿನ ಭುಜದ ಮೇಲಿಂದ ಅಡುಗೆ ಮನೆಯ ಕಡೆ ಹೋಯಿತು. ಹೋದಷ್ಟೇ ಬೇಗ ವಾಪಸು ಬಂತು. ಆದರೆ ಆ ಬೆಳಕು ಅದರ ಜೊತೆ ವಾಪಸು ಬರಲಿಲ್ಲ.

ವಾಸು ತಿರುಗಿ ನೋಡಿದ.

ಕಟ್ಟೆಯ ಮೇಲೆ ಮಿಕ್ಸಿ ಇತ್ತು. ಅದರ ಬಿಳಿ ವೈರು ಗೋಡೆಯ ಪ್ಲಗ್ಗಿನವರೆಗೆ ಹೋಗಿತ್ತು. ನಡುವೆ, ವೈರು ತುಂಡಾಗಿ ಸೇರಿಸಿದ ಜಾಗದಲ್ಲಿ, ಮೂರು ಬೆರಳಗಲ ಹಸಿರು ಟೇಪು.

ಎದ್ದು ಹೋಗಿ ನೋಡುವ ಅಗತ್ಯವೇ ಇರಲಿಲ್ಲ. ಆದರೂ ಎದ್ದು ಹೋದ. ಟೇಪಿನ ತುದಿ ಅರ್ಧ ಇಂಚು ಮಡಚಿತ್ತು.

"ಇದನ್ನ ಯಾವತ್ತು ಸುತ್ತಿದ್ದು, ನಸೀಮಾ?"

ಅವಳು ತನ್ನ ಮುಂದಿದ್ದ ಟೀ ಲೋಟವನ್ನು ಅತ್ತ ಸರಿಸಿದಳು.

"ನೋಡಮ್ಮ, ನಾನು ಪೊಲೀಸ್ ಅಲ್ಲ. ಇದನ್ನ ಬರ್ಕೊಂಡೂ ಇಲ್ಲ. ಯಾವತ್ತು ಅಂತ ಮಾತ್ರ ಹೇಳು."

ಅದು ಹಳೆಯದು, ನೆನಪಿಲ್ಲ ಎಂದಳು. ವಾಸು ಸುಮ್ಮನೆ ನಿಂತ. ಸುಳ್ಳು ಹೇಳಿ ರೂಢಿಯಿಲ್ಲದವರಿಗೆ ಮೌನದಷ್ಟು ಭಾರ ಇನ್ನೊಂದಿಲ್ಲವೆಂದು ಅವನಿಗೆ ಗೊತ್ತಿತ್ತು. ಹಾಗೆ ಗೊತ್ತಿದ್ದೂ ನಿಂತಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಕೊನೆಗೆ ಅವಳು ಮಾತಾಡಿದಳು. ಮಿಕ್ಸಿಯ ಬಗ್ಗೆ ಅಲ್ಲ. ಅಮ್ಮ ಸತ್ತಾಗ ಮೊಯಿನ್‌ಗೆ ಒಂಬತ್ತು ವರ್ಷ ಎಂದಳು. ಅಪ್ಪ ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದರು. ತಾನು ಮದುವೆಯಾಗಿ ಬರುವಾಗ ತಮ್ಮನನ್ನು ಕೈಹಿಡಿದುಕೊಂಡೇ ಬಂದಳು. ಬೇರೆ ಗಂಡಸಾಗಿದ್ದರೆ ಬಾಗಿಲಲ್ಲೇ ತಡೆಯುತ್ತಿದ್ದ. ವಾಜಿದ್ ಅವನಿಗೆ ಹೊಸ ಚಪ್ಪಲಿ ಕೊಡಿಸಿ ಒಳಗೆ ಕರೆದ. ಹದಿನೇಳು ತುಂಬಿದಾಗ ಕೈಗೆ ಸ್ಪ್ಯಾನರ್ ಕೊಟ್ಟ. ಟೇಪು ಸುತ್ತುವುದನ್ನು, ಕಿವಿ ಮಡಚುವುದನ್ನು ಇದೇ ಚಾಪೆಯ ಮೇಲೆ ಕೂರಿಸಿಕೊಂಡು, ಹಳೆಯ ವೈರಿನ ತುಂಡುಗಳ ಮೇಲೆ ಕಲಿಸಿದ. ಈಗ ಅವನಿಗೆ ಇಪ್ಪತ್ತೆಂಟು.

ವಾಸು ಮೆಲ್ಲಗೆ ಹೇಳಿದ. ಮೊಯಿನ್ ಗೊತ್ತಿಲ್ಲದೆ ಮಾಡಿರಬಹುದು. ಹೊಸ ಮೋಟಾರ್ ಓಡುತ್ತಿಲ್ಲ ಎಂದು ಯಾರಾದರೂ ಕರೆದಿರಬಹುದು. ಹೋಗಿ ನೋಡಿದ, ಕಪ್ಲರ್ ಬಿಟ್ಟಿತ್ತು, ಒಳ್ಳೆಯ ಕೆಲಸ ಎಂದುಕೊಂಡೇ ಸೇರಿಸಿದ. ಗ್ಯಾಸ್ಕೆಟ್ಟಿನ ವಿಷಯ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಹಾಗಿದ್ದರೆ ಅದಕ್ಕೆ ಬೇರೆ ಕಾನೂನು, ಬೇರೆ ಶಿಕ್ಷೆ. ಕರೆದವನು ಉಮೇಶನೇ ಆಗಿದ್ದರೆ ಕೊಲೆಯ ಮಾತು ಅವನ ತಲೆಗೇ ಹೋಗುತ್ತದೆ.

"ಹದಿನೇಳು ದಿನ ಸುಮ್ನಿದ್ದಾನಲ್ಲ, ಅಣ್ಣಾ," ಎಂದಳು ನಸೀಮಾ. "ಗೊತ್ತಿಲ್ದೆ ಮಾಡಿದೋನು ಹದಿನೇಳು ದಿನ ಸುಮ್ನಿರ್ತಾನಾ? ಅವ್ರು ಜೈಲಿಗೆ ಹೋಗೋದನ್ನ ಈ ಬಾಗ್ಲಲ್ಲೇ ನಿಂತು ನೋಡಿದ."

ವಾಸು ಅಡುಗೆ ಮನೆಯಿಂದ ಬಂದು ತನ್ನ ಜಾಗದಲ್ಲಿ ಕುಳಿತ.

"ಶನಿವಾರ ಅಂದ್ರೆ ಅವ್ರು ಹೋಗ್ತಾರೆ. ಭಾನುವಾರ ಅಂದ್ರೆ ಇವ್ನು ಹೋಗ್ತಾನೆ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಯಾವ ದಿನ ಹೇಳ್ಲಿ, ಅಣ್ಣಾ? ನೀವೇ ಹೇಳಿ, ಅದನ್ನೇ ಹೇಳ್ತೀನಿ."

ಕೆಳಗಿನ ಗಲ್ಲಿಯಲ್ಲಿ ಗುಜರಿಯವನು ಕೂಗಿಕೊಂಡು ಹೋದ. ಟೀ ಮೇಲೆ ಕೆನೆ ಕಟ್ಟಿತ್ತು.

"ಭಾನುವಾರ."

ಹೇಳಿದ್ದು ನಸೀಮಾ ಅಲ್ಲ.

ಬಾಗಿಲಲ್ಲಿ ಮೊಯಿನುದ್ದೀನ್ ನಿಂತಿದ್ದ. ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದರಿಂದ ಇಬ್ಬರಿಗೂ ಸದ್ದು ಕೇಳಿರಲಿಲ್ಲ. ಗ್ರೀಸ್ ಹತ್ತಿದ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬೆಳಿಗ್ಗೆ ಮಿಕ್ಸಿ ವೈರು ಸುಟ್ಟಿತ್ತಲ್ಲ, ಆಪಾ. ಮೂಲೆ ಅಂಗಡೀಲಿ ಕಪ್ಪು ಖಾಲಿ ಆಗಿತ್ತು, ಹಸ್ರು ತಂದೆ. ಮಿಕ್ಸಿ ಮಾಡ್ಬಿಟ್ಟು ಸುರುಳೀನ ಜೇಬಲ್ಲಿ ಇಟ್ಕೊಂಡೆ. ಅದೇ ಟೇಪು."

ಆಮೇಲೆ ಅವನು ಒಂದೇ ಉಸಿರಿಗೆ ಎಂಬಂತೆ ಹೇಳಿದ. ಹನ್ನೊಂದೂವರೆ ಸುಮಾರಿಗೆ ಬೈಕಿನಲ್ಲಿ ಅಟ್ಟೂರಿಗೆ ಹೋಗಿದ್ದ. ಮನೆಯಲ್ಲಿ ಯಜಮಾನರು ಒಬ್ಬರೇ ಇದ್ದರು. ಅವರೇ ಕಾರಿನ ಬಾಗಿಲು ತೆಗೆದುಕೊಟ್ಟರು. ಕಪ್ಪು ಟೇಪು ಬಿಚ್ಚಿ, ಕಪ್ಲರ್ ಸೇರಿಸುವಾಗ ಕೊಂಡಿ ಮುರಿಯಿತು, ಟೇಪು ಸುತ್ತಿದ. ಯಜಮಾನರು ಫ್ಯಾನಿನ ಮುಂದೆ ಅಂಗೈ ಹಿಡಿದು, ಬಿಸಿ ಬರ್ತಾ ಇದೆ ಕಣೋ ಎಂದು ನಕ್ಕರು. ಒಳಗೆ ಹೋಗಿ ಅವನಿಗೆ ಕಾಫಿ ಮಾಡಿ ತಂದರು. ಲೋಟ ತೊಳೆಯಲು ಹೋದರೆ ಬಿಡಲಿಲ್ಲ.

ಅದನ್ನು ಹೇಳುವಾಗ, ದೂರ ಹಿಡಿದಿದ್ದ ಕೈಯನ್ನು ಮರೆತು ಅಂಗಿಗೆ ಒರೆಸಿಕೊಂಡ.

"ಹೊಗೆ ಸೋರೋದು ನಿಂಗೆ ಗೊತ್ತಿತ್ತಾ?" ಎಂದು ವಾಸು ಕೇಳಿದ.

ಇಲ್ಲವೆಂದು ತಲೆಯಾಡಿಸಿದ. ಶನಿವಾರ ಅವನು ಬೇರೆ ಗಾಡಿಯ ಕೆಲಸಕ್ಕೆ ಸಂಜಯನಗರಕ್ಕೆ ಹೋಗಿದ್ದ. ಭಾನುವಾರ ಬಾಗಿಲು ತೆರೆದಿಟ್ಟೇ ಸ್ವಲ್ಪ ಹೊತ್ತು ಓಡಿಸಿದ್ದರಿಂದ ವಾಸನೆಯೂ ಬರಲಿಲ್ಲ ಎಂದ.

"ಮತ್ತೆ ಉಮೇಶ್ ಕರೆದಾಗ ಏನಂದ?"

ಮೊಯಿನುದ್ದೀನ್ ವಾಸುವಿನ ಕಡೆ ತಿರುಗಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದ. ಹೊಡೆತಕ್ಕೆ ಕಾದು ನಿಂತವನ ಹಾಗೆ.

"ಉಮೇಶಣ್ಣ ಕರೀಲಿಲ್ಲ," ಎಂದ.

"ಮತ್ಯಾರು?"

"ಭಾಯ್ ಫೋನ್ ಮಾಡಿದ್ರು. ಚಿಂತಾಮಣಿಯಿಂದ. ಕಪ್ಲರ್ ಬಿಟ್ಟು ಬಂದಿದೀನಿ, ಹೋಗಿ ಹಾಕ್ಬಿಟ್ಟು ಬಾ ಅಂದ್ರು. ಅಷ್ಟೇ. ಯಾಕೆ ಅಂತ ನಾನು ಕೇಳ್ಲಿಲ್ಲ." ಅವನು ಎರಡು ಹೆಜ್ಜೆ ಒಳಗೆ ಬಂದ. "ನಾನು ಬಾಯ್ಬಿಟ್ರೆ ಅವ್ರಿಗೆ ಬೇಲ್ ಅಲ್ಲ, ನೇಣೇ ಆಗ್ತದೆ ಅಂತ ಸುಮ್ನಿದ್ದೆ, ಆಪಾ."

"ಸುಳ್ಳು," ಎಂದಳು ನಸೀಮಾ. ಬಹಳ ಮೆತ್ತಗೆ.

ಯಾವುದನ್ನು ಸುಳ್ಳು ಎಂದಳು, ಯಾರಿಗೆ ಎಂದಳು ಎಂದು ವಾಸುವಿಗೆ ತಿಳಿಯಲಿಲ್ಲ. ಹತ್ತು ನಲವತ್ತರ ಕರೆ ಅವನ ತಲೆಯಲ್ಲಿ ತಿರುಗುತ್ತಿತ್ತು. ಶಟರ್ ಹಾಕಿದೆಯಾ ಎಂದು ಕೇಳಲು ಎರಡು ನಿಮಿಷ ಬೇಕಾಗುವುದಿಲ್ಲ. ಹಾಗೆಯೇ, ಭಾವನ ಫೋನಿನಿಂದ ಆ ಹೊತ್ತಿಗೆ ಒಂದು ಕರೆ ಬಂದಿತ್ತೆಂದು ಗೊತ್ತಿರುವವನಿಗೆ, ಆ ಎರಡು ನಿಮಿಷದೊಳಗೆ ಬೇಕಾದ ಮಾತು ತುಂಬುವುದೂ ಕಷ್ಟವಲ್ಲ. ಒಬ್ಬ ಜೈಲಿನಲ್ಲಿ ಕುಳಿತು ತಣ್ಣಗೆ ಸುಳ್ಳು ಹೇಳಿದ್ದ, ಇಲ್ಲವೇ ಒಬ್ಬ ಈಗ ಇಲ್ಲಿ ನಿಂತು ಹೇಳುತ್ತಿದ್ದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಇಬ್ಬರಿಗೂ ಬಡಿಸಿದವಳು ಒಬ್ಬಳೇ.

ನಸೀಮಾ ಎದ್ದಳು. ತಮ್ಮನ ಕಡೆ ನೋಡಲಿಲ್ಲ. ವಾಸುವಿನ ಪಕ್ಕದಿಂದ ಹಾದು, ಅಡುಗೆ ಮನೆಗೆ ಹೋಗಿ, ಪ್ಲಗ್ಗು ಕಿತ್ತು, ಮಿಕ್ಸಿಯ ವೈರನ್ನು ಎಡಗೈಯಲ್ಲಿ ಎತ್ತಿಕೊಂಡಳು. ಹಸಿರು ಟೇಪು ಭಾನುವಾರದ್ದು ಎನ್ನಲು ಕೈಯಲ್ಲಿದ್ದ ಒಂದೇ ಸಾಕ್ಷಿ ಅದು. ಅದಿಲ್ಲದಿದ್ದರೆ ನಾಳೆ ನ್ಯಾಯಾಲಯಕ್ಕೆ ತೋರಿಸಲು ಏನೂ ಇರುವುದಿಲ್ಲ.

"ನಸೀಮಾ, ಬೇಡ," ಎಂದ ವಾಸು.

ಮುಂದೆ ಬರುವವನಿಗೆ ಕಷ್ಟವಾಗದಿರಲಿ ಎಂದು ಮಡಚಿಟ್ಟ ಆ ಹಸಿರು ಕಿವಿ ಆಗಲೇ ಅವಳ ಎರಡು ಬೆರಳ ನಡುವೆ ಇತ್ತು.